ಉತ್ಪನ್ನಗಳ ಛಾಯಾಚಿತ್ರ: ಕುಶಲಕರ್ಮಿಗಳು ಹಾಗೂ ಸಣ್ಣ ಉದ್ದಿಮೆದಾರರಿಗೆ ಮಾಹಿತಿ

ಪೀಠಿಕೆ

ಅಂಗಡಿಗೆ ಬರುವ ಗ್ರಾಹಕರು ಸೀರೆಯ ಸೆರಗನ್ನು ಕೈಯಲ್ಲಿ ಹಿಡಿದು, ಬೆಳಕಿಗೆ ಒಡ್ಡಿ ನೋಡಿ ಕೊಳ್ಳುತ್ತಾರೆ. ಅಂತರ್ಜಾಲದ ಮೂಲಕ ಕೊಳ್ಳುವವರಿಗೆ ಈ ಅವಕಾಶವಿರುವುದಿಲ್ಲ. ಅವರು ಛಾಯಾಚಿತ್ರವನ್ನು ನಂಬಿ ಹಣ ಪಾವತಿಸುತ್ತಾರೆ. ಆದುದರಿಂದ ಉತ್ಪನ್ನದ ಛಾಯಾಚಿತ್ರವು ಮಾರಾಟಗಾರರು ಗ್ರಾಹಕರಿಗೆ ನೀಡುವ ಹೇಳಿಕೆಗೆ ಸಮನಾಗಿರುತ್ತದೆ. ಚಿತ್ರಕ್ಕೂ ವಸ್ತುವಿಗೂ ವ್ಯತ್ಯಾಸವಿದ್ದಲ್ಲಿ ವಸ್ತು ಹಿಂದಿರುಗಿ ಬರುತ್ತದೆ. ಹಲವು ದಿನಗಳ ಕಾಲ ಮಗ್ಗದ ಮುಂದೆ ಕುಳಿತು ನೇಯ್ದ ನೇಕಾರರಿಗೆ ಇದರಿಂದಾಗುವ ನಷ್ಟ ಸಣ್ಣದಲ್ಲ. ಸದರಿ ನಷ್ಟವನ್ನು ತಪ್ಪಿಸಲು ಅನುಸರಿಸಬಹುದಾದ ಕ್ರಮಗಳನ್ನು ಹಾಗೂ ತಿಳಿದಿರಬೇಕಾದ ಕಾನೂನಿನ ಅಂಶಗಳನ್ನು ಈ ಕೆಳಗೆ ವಿವರಿಸಲಾಗಿದೆ.

1. ಛಾಯಾಚಿತ್ರಗಳ ಅವಶ್ಯಕತೆ

2016ರಲ್ಲಿ ಆರಂಭವಾದ ಸರ್ಕಾರಿ ಇ-ಮಾರುಕಟ್ಟೆಯಲ್ಲಿ (ಜೆಮ್) ಹಾಗೂ ಖಾಸಗಿ ಮಾರಾಟ ತಾಣಗಳಲ್ಲಿ ಉತ್ಪನ್ನಗಳನ್ನು ಪಟ್ಟಿ ಮಾಡುವಾಗ ಛಾಯಾಚಿತ್ರಗಳನ್ನು ಒದಗಿಸಬೇಕಾಗುತ್ತದೆ. 2023ರ ಸೆಪ್ಟೆಂಬರ್ 17ರಂದು ಜಾರಿಗೆ ಬಂದ ಪಿ.ಎಂ. ವಿಶ್ವಕರ್ಮ ಯೋಜನೆಯು 18 ಸಾಂಪ್ರದಾಯಿಕ ಕಸುಬುಗಳನ್ನು ಒಳಗೊಂಡಿದ್ದು, ಗೊಂಬೆ ಮತ್ತು ಆಟಿಕೆ ತಯಾರಿಕೆಯೂ ಅವುಗಳಲ್ಲಿ ಒಂದಾಗಿದೆ. ಈ ಯೋಜನೆಯ ಮಾರುಕಟ್ಟೆ ನೆರವಿನಲ್ಲಿ ಇ-ವಾಣಿಜ್ಯ ತಾಣಗಳೊಂದಿಗೆ ಸಂಪರ್ಕ ಕಲ್ಪಿಸುವುದೂ ಸೇರಿದೆ. ಅರ್ಜಿದಾರರು ಉತ್ತಮ ಚಿತ್ರಗಳನ್ನು ಮೊದಲೇ ಸಿದ್ಧಪಡಿಸಿಟ್ಟುಕೊಳ್ಳುವುದು ಸೂಕ್ತ.

2. ಬೆಳಕು ಮತ್ತು ಬಣ್ಣ

ದುಬಾರಿ ಕ್ಯಾಮೆರಾ ಇಲ್ಲದಿದ್ದರೂ ಮೊಬೈಲ್ ಫೋನಿನಿಂದಲೇ ಉತ್ತಮ ಚಿತ್ರ ತೆಗೆಯಬಹುದು. ಬೆಳಕಿನ ವಿಷಯದಲ್ಲಿ ಮಾತ್ರ ಎಚ್ಚರಿಕೆ ಅವಶ್ಯಕ.

ಅ) ನೇರ ಬಿಸಿಲು ಬೀಳದ ಕಿಟಕಿಯ ಪಕ್ಕದಲ್ಲಿ, ಹಗಲಿನ ವೇಳೆ ಚಿತ್ರ ತೆಗೆಯುವುದು. ಕಿಟಕಿಯ ಎದುರು ಬದಿಯಲ್ಲಿ ಬಿಳಿ ರಟ್ಟನ್ನು ನಿಲ್ಲಿಸಿದಲ್ಲಿ ನೆರಳು ತಿಳಿಯಾಗುತ್ತದೆ.

ಆ) ಕೋಣೆಯ ದೀಪಗಳನ್ನು ಆರಿಸುವುದು. ಹಗಲಿನ ಬೆಳಕಿನ ವರ್ಣತಾಪ ಸುಮಾರು 5500 ಕೆಲ್ವಿನ್, ಹಳದಿ ಬಲ್ಬಿನದು ಸುಮಾರು 2700 ಕೆಲ್ವಿನ್. ಎರಡೂ ಬೆರೆತಲ್ಲಿ ವಸ್ತುವಿನ ಒಂದು ಬದಿ ನೀಲಿಯಾಗಿಯೂ ಮತ್ತೊಂದು ಬದಿ ಹಳದಿಯಾಗಿಯೂ ಕಾಣುತ್ತದೆ. ಇದನ್ನು ನಂತರ ಸರಿಪಡಿಸುವುದು ಕಷ್ಟಸಾಧ್ಯ.

ಇ) ಫ್ಲ್ಯಾಷ್ ಬಳಸದಿರುವುದು.

ಈ) ಚಿತ್ರವನ್ನು ಆಕರ್ಷಕಗೊಳಿಸುವ ಫಿಲ್ಟರ್‌ಗಳನ್ನು ಬಳಸದಿರುವುದು.

ಚಿತ್ರ ತೆಗೆದ ನಂತರ ವಸ್ತುವನ್ನು ಪರದೆಯ ಪಕ್ಕದಲ್ಲಿಟ್ಟು, ಹಗಲಿನ ಬೆಳಕಿನಲ್ಲಿ ಬಣ್ಣವನ್ನು ಹೋಲಿಸಿ ನೋಡತಕ್ಕದ್ದು. ಬಣ್ಣದ ಹೆಸರನ್ನು ವಿವರಣೆಯಲ್ಲಿ ಅಕ್ಷರಗಳಲ್ಲಿಯೂ ನಮೂದಿಸುವುದು ಉತ್ತಮ.

3. ವಸ್ತುವಿಗೆ ತಕ್ಕ ವಿಧಾನ

ಚನ್ನಪಟ್ಟಣದ ಗೊಂಬೆಗಳು: ಅರಗಿನ ಲೇಪನದಿಂದ ಇವುಗಳ ಮೇಲ್ಮೈ ಕನ್ನಡಿಯಂತೆ ಹೊಳೆಯುತ್ತದೆ. ಕಿಟಕಿಯ ಪ್ರತಿಬಿಂಬ ಬಿಳಿಯ ಕಲೆಯಾಗಿ ಮೂಡಿ, ಬಣ್ಣವನ್ನು ಮುಚ್ಚಿಬಿಡುತ್ತದೆ. ಕಿಟಕಿಗೆ ತೆಳುವಾದ ಬಿಳಿ ಬಟ್ಟೆಯನ್ನು ಕಟ್ಟಿದಲ್ಲಿ ಹೊಳಪು ಉಳಿದು, ಕಲೆ ಮೃದುವಾಗುತ್ತದೆ. ಹತ್ತಿರದಿಂದ ತೆಗೆದ ಚಿತ್ರದಲ್ಲಿ ಗೊಂಬೆಯ ಮುಂಭಾಗ ಉಬ್ಬಿದಂತೆ ಕಾಣುವುದರಿಂದ, ಸ್ವಲ್ಪ ಹಿಂದೆ ಸರಿದು ಎರಡರಷ್ಟು ಹಿಗ್ಗಿಸಿ ತೆಗೆಯಬೇಕು.

ಬಿದರಿ ಕಲಾಕೃತಿಗಳು: ಸತು ಮತ್ತು ತಾಮ್ರದ ಮಿಶ್ರಲೋಹದ ಕಪ್ಪು ಮೈಮೇಲೆ ಬೆಳ್ಳಿಯ ಕುಸುರಿ ಇರುವುದರಿಂದ ಇವುಗಳ ಚಿತ್ರೀಕರಣ ಕಠಿಣವಾದುದು. ಕ್ಯಾಮೆರಾ ತನ್ನ ಎದುರಿನ ದೃಶ್ಯವನ್ನು ಮಧ್ಯಮ ಬೂದುಬಣ್ಣವೆಂದು ಭಾವಿಸಿ ಬೆಳಕನ್ನು ಅಳೆಯುತ್ತದೆ. ಆದ್ದರಿಂದ ಕಪ್ಪು ವಸ್ತುವನ್ನು ಅಗತ್ಯಕ್ಕಿಂತ ಹೆಚ್ಚು ಬೆಳಗಿಸುತ್ತದೆ; ಕಪ್ಪು ಬೂದಾಗಿ, ಬೆಳ್ಳಿಯ ಎಳೆಗಳು ಬಿಳಿಯಲ್ಲಿ ಕರಗಿಹೋಗುತ್ತವೆ. ಪರದೆಯ ಮೇಲೆ ವಸ್ತುವನ್ನು ಒತ್ತಿ, ಬೆಳಕಿನ ಪ್ರಮಾಣವನ್ನು ತಗ್ಗಿಸಿ ತೆಗೆದಲ್ಲಿ ಕಪ್ಪು ಕಪ್ಪಾಗಿಯೇ ಉಳಿಯುತ್ತದೆ. ಬಿಳಿ ಹಿನ್ನೆಲೆಯೇ ಚಿತ್ರದ ಬಹುಭಾಗವನ್ನು ಆವರಿಸಿದ್ದಲ್ಲಿ ಇದಕ್ಕೆ ವಿರುದ್ಧವಾಗಿ ಬೆಳಕನ್ನು ಹೆಚ್ಚಿಸಬೇಕಾಗುತ್ತದೆ.

ಇಳಕಲ್ ಸೀರೆಗಳು: ಸೆರಗಿನ ಗಾಢ ಕೆಂಪು ಬಣ್ಣವನ್ನು ಫೋನುಗಳು ಅತಿಯಾಗಿ ತೋರಿಸುವುದುಂಟು, ಆಗ ನೇಯ್ಗೆಯ ವಿವರ ಮರೆಯಾಗುತ್ತದೆ. ಇಲ್ಲಿಯೂ ಬೆಳಕನ್ನು ತುಸು ತಗ್ಗಿಸತಕ್ಕದ್ದು. ಸೀರೆಯ ಒಡಲು, ಅಂಚು, ತೋಪು ತೆನೆ ಸೆರಗು ಹಾಗೂ ರವಿಕೆ ಬಟ್ಟೆ ಇದ್ದಲ್ಲಿ ಅದನ್ನೂ ಪ್ರತ್ಯೇಕವಾಗಿ ತೋರಿಸಬೇಕು. ಬೆಳಕು ಬದಿಯಿಂದ ಬಿದ್ದಾಗ ಎಳೆಗಳ ಏರಿಳಿತ ಸ್ಪಷ್ಟವಾಗಿ ಕಾಣುತ್ತದೆ.

4. ಇರಬೇಕಾದ ಚಿತ್ರಗಳು

• ತಿಳಿ ಬಿಳಿ ಹಿನ್ನೆಲೆಯಲ್ಲಿ ಪೂರ್ಣ ವಸ್ತುವಿನ ಒಂದು ಚಿತ್ರ
• ಹಿಂಬದಿ ಮತ್ತು ಪಕ್ಕದ ಚಿತ್ರಗಳು
• ಕುಸುರಿ ಅಥವಾ ನೇಯ್ಗೆಯ ಸಮೀಪ ಚಿತ್ರ
• ಅಳತೆಪಟ್ಟಿಯೊಂದಿಗೆ ಅಥವಾ ಕೈಯಲ್ಲಿ ಹಿಡಿದು ಗಾತ್ರ ತೋರಿಸುವ ಚಿತ್ರ
• ಪೊಟ್ಟಣದ ಚಿತ್ರ

ಗಾತ್ರ ತಿಳಿಸುವ ಚಿತ್ರವನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ನಾಲ್ಕು ಅಂಗುಲದ ಹೂದಾನಿಯು ಒಂಟಿಯಾಗಿ ನಿಂತಾಗ ಹದಿನಾಲ್ಕು ಅಂಗುಲದ್ದೆಂದು ತೋರಬಹುದು. ಕೈಕೆಲಸದಲ್ಲಿ ಸಹಜವಾಗಿರುವ ಸಣ್ಣ ವ್ಯತ್ಯಾಸಗಳನ್ನು ಅಳಿಸದೆ ಹಾಗೆಯೇ ತೋರಿಸಿ, ವಿವರಣೆಯಲ್ಲಿ ತಿಳಿಸುವುದು ಕ್ಷೇಮಕರ. ಆಯಾ ತಾಣದವರು ನಿಗದಿಪಡಿಸಿದ ಚಿತ್ರದ ಅಳತೆ ಮತ್ತು ಸಂಖ್ಯೆಯನ್ನು ಅಪ್‌ಲೋಡ್ ಮಾಡುವ ಮುನ್ನ ಓದಿಕೊಳ್ಳತಕ್ಕದ್ದು.

5. ಕಾನೂನಿನ ಅಂಶಗಳು

ಅ) ಗ್ರಾಹಕ ಸಂರಕ್ಷಣೆ (ಇ-ವಾಣಿಜ್ಯ) ನಿಯಮಗಳು, 2020ರ ಪ್ರಕಾರ ಮಾರಾಟಗಾರರ ಜಾಹೀರಾತು ವಸ್ತುವಿನ ನೈಜ ಗುಣಲಕ್ಷಣಗಳಿಗೆ ಅನುಗುಣವಾಗಿರಬೇಕು. ಜಾಹೀರಾತಿನಲ್ಲಿ ತಿಳಿಸಿದ ಗುಣಲಕ್ಷಣಗಳಿಲ್ಲದ ವಸ್ತುವನ್ನು ಹಿಂಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ.

ಆ) ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರನ್ವಯ ದಾರಿತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ತಯಾರಕರಿಗೆ 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದಾಗಿದೆ. ಕೈಮಗ್ಗದ ಸೀರೆಯ ಚಿತ್ರ ತೋರಿಸಿ ವಿದ್ಯುತ್ ಮಗ್ಗದ ಸೀರೆ ಕಳುಹಿಸುವುದು ಗ್ರಾಹಕರನ್ನು ದಾರಿತಪ್ಪಿಸಿದಂತೆಯೇ ಸರಿ.

ಇ) ಐ.ಎಸ್.ಐ. ಗುರುತು, ಕೈಮಗ್ಗ ಗುರುತು, ರೇಷ್ಮೆ ಗುರುತುಗಳನ್ನು ಅನುಮತಿ ಪಡೆದವರು ಮಾತ್ರ ಚಿತ್ರದಲ್ಲಿ ತೋರಿಸತಕ್ಕದ್ದು.

ಈ) ಪೊಟ್ಟಣ ಮಾಡಿದ ಸರಕುಗಳನ್ನು ಅಂತರ್ಜಾಲದಲ್ಲಿ ಮಾರುವಾಗ ತಯಾರಕರ ಹೆಸರು ಮತ್ತು ವಿಳಾಸ, ನಿವ್ವಳ ಪ್ರಮಾಣ, ಗರಿಷ್ಠ ಮಾರಾಟ ಬೆಲೆ ಮುಂತಾದ ವಿವರಗಳನ್ನು ಪ್ರದರ್ಶಿಸುವುದು ಕಾನೂನು ಮಾಪನಶಾಸ್ತ್ರ (ಪೊಟ್ಟಣ ಸರಕುಗಳು) ನಿಯಮಗಳು, 2011ರ ಪ್ರಕಾರ ಕಡ್ಡಾಯವಾಗಿದೆ. ಪೊಟ್ಟಣದ ಚಿತ್ರ ಓದಲು ಬರುವಂತಿರಬೇಕು.

6. ಛಾಯಾಗ್ರಾಹಕರೊಂದಿಗೆ ಒಪ್ಪಂದ

ಹಣ ಕೊಟ್ಟು ತೆಗೆಸಿದ ಚಿತ್ರದ ಒಡೆತನ ಯಾರದು ಎಂಬ ಬಗ್ಗೆ ಅನೇಕರಲ್ಲಿ ಗೊಂದಲವಿದೆ. ಕೃತಿಸ್ವಾಮ್ಯ ಕಾಯ್ದೆ, 1957ರ 17ನೇ ಪ್ರಕರಣದ ಪ್ರಕಾರ, ಪ್ರತಿಫಲ ನೀಡಿ ಛಾಯಾಚಿತ್ರ ತೆಗೆಸಿದ ವ್ಯಕ್ತಿಯೇ, ವ್ಯತಿರಿಕ್ತ ಒಪ್ಪಂದವಿಲ್ಲದಿದ್ದಲ್ಲಿ, ಅದರ ಕೃತಿಸ್ವಾಮ್ಯದ ಮೊದಲ ಒಡೆಯರಾಗಿರುತ್ತಾರೆ. "ವ್ಯತಿರಿಕ್ತ ಒಪ್ಪಂದವಿಲ್ಲದಿದ್ದಲ್ಲಿ" ಎಂಬ ಮಾತು ಮುಖ್ಯವಾದುದು. ಛಾಯಾಗ್ರಾಹಕರು ನೀಡುವ ಮುದ್ರಿತ ಷರತ್ತುಗಳಲ್ಲಿ ಹಕ್ಕು ಅವರಲ್ಲೇ ಉಳಿಯುವುದೆಂದು ಬರೆದಿರಬಹುದು. ಆದ್ದರಿಂದ ಸಹಿ ಮಾಡುವ ಮೊದಲು ಓದಿಕೊಳ್ಳಬೇಕು. ಛಾಯಾಗ್ರಾಹಕರಿಂದ ಹಕ್ಕನ್ನು ವರ್ಗಾಯಿಸಿಕೊಳ್ಳುವುದಾದಲ್ಲಿ ಅದು ಲಿಖಿತವಾಗಿದ್ದು, ಸಹಿ ಹೊಂದಿರಬೇಕು. ಅವಧಿಯನ್ನು ನಮೂದಿಸದಿದ್ದಲ್ಲಿ 5 ವರ್ಷವೆಂದೂ, ವ್ಯಾಪ್ತಿಯನ್ನು ನಮೂದಿಸದಿದ್ದಲ್ಲಿ ಭಾರತಕ್ಕೆ ಸೀಮಿತವೆಂದೂ 19ನೇ ಪ್ರಕರಣದಡಿ ಭಾವಿಸಲಾಗುತ್ತದೆ. ರಫ್ತು ಮಾಡುವವರು ಇದನ್ನು ವಿಶೇಷವಾಗಿ ಗಮನಿಸುವುದು.

7. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಬೇರೆಯವರ ತಾಣದಲ್ಲಿರುವ ಅದೇ ಬಗೆಯ ಗೊಂಬೆಯ ಚಿತ್ರವನ್ನು ಬಳಸಬಹುದೇ?
ಉತ್ತರ: ಬಳಸುವಂತಿಲ್ಲ. ಗೊಂಬೆ ಒಂದೇ ಬಗೆಯದಾದರೂ ಚಿತ್ರ ಅವರ ಸ್ವತ್ತು. ಅನುಮತಿಯಿಲ್ಲದೆ ಬಳಸುವುದು ಕೃತಿಸ್ವಾಮ್ಯದ ಉಲ್ಲಂಘನೆಯಾಗುತ್ತದೆ.

ಪ್ರಶ್ನೆ: ಕೃತಕ ಬುದ್ಧಿಮತ್ತೆಯಿಂದ ರಚಿಸಿದ ಚಿತ್ರವನ್ನು ಹಾಕಬಹುದೇ?
ಉತ್ತರ: ಹಿನ್ನೆಲೆಯನ್ನು ಸ್ವಚ್ಛಗೊಳಿಸಲು ಇಂತಹ ಸಾಧನಗಳು ನೆರವಾಗುತ್ತವೆ. ಆದರೆ ವಸ್ತುವಿನ ಬಣ್ಣ, ಆಕಾರ, ಕುಸುರಿ ಬದಲಾದಲ್ಲಿ ಚಿತ್ರವು ತಾವು ಮಾರುವ ವಸ್ತುವಿನದಾಗಿ ಉಳಿಯುವುದಿಲ್ಲ.

ಪ್ರಶ್ನೆ: ಒಂದೇ ಚಿತ್ರವನ್ನು ಎಲ್ಲ ಸೀರೆಗಳಿಗೂ ಬಳಸಬಹುದೇ?
ಉತ್ತರ: ಬಣ್ಣ ಮತ್ತು ವಿನ್ಯಾಸ ಒಂದೇ ಆಗಿದ್ದಲ್ಲಿ ಬಳಸಬಹುದು. ಪ್ರತಿಯೊಂದು ಸೀರೆಯೂ ಭಿನ್ನವಾಗಿದ್ದಲ್ಲಿ ಪ್ರತ್ಯೇಕ ಚಿತ್ರ ತೆಗೆಯತಕ್ಕದ್ದು.

ಸೂಚನೆ

ಚಿತ್ರಗಳನ್ನು ಪ್ರಕಟಿಸುವ ಮುನ್ನ, ವಸ್ತುವನ್ನು ಎಂದೂ ನೋಡಿರದ ಒಬ್ಬರಿಗೆ ಮೊದಲು ಚಿತ್ರವನ್ನೂ ನಂತರ ವಸ್ತುವನ್ನೂ ತೋರಿಸುವುದು. ವಸ್ತುವನ್ನು ಕಂಡು ಅವರು ಅಚ್ಚರಿಪಟ್ಟಲ್ಲಿ ಚಿತ್ರವನ್ನು ಮತ್ತೊಮ್ಮೆ ತೆಗೆಯಬೇಕೆಂದು ತಿಳಿಯುವುದು. ಮೂಲ ಚಿತ್ರಗಳನ್ನು, ಛಾಯಾಗ್ರಾಹಕರಿಗೆ ಹಣ ಪಾವತಿಸಿದ ರಸೀದಿಯನ್ನು ಹಾಗೂ ಒಪ್ಪಂದದ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಲು ಕೋರಲಾಗಿದೆ.