ಮತ್ತೆ ಒಂದರಿಂದ ಎಣಿಕೆ: ಸೂಪರ್‌ಹೀರೋ ಕಥೆಗಳು ಹೊಸದಾಗಿ ಶುರುವಾಗುವುದೇಕೆ?



ಮನೆಯಲ್ಲಿ ಕಾಮಿಕ್ಸ್ ಓದುವ ಮಕ್ಕಳಿದ್ದರೆ ಈ ಗೊಂದಲ ನಿಮಗೂ ಗೊತ್ತಿರುತ್ತದೆ. ನಮ್ಮ ಕ್ಲಾಂಡಾಲ್ಕಿನ್ ಇರಲಿ, ನೀವಿರುವ ಊರಿರಲಿ, ಗ್ರಂಥಾಲಯದ ಕಪಾಟಿನಲ್ಲಿ ಸೂಪರ್‌ಮ್ಯಾನ್ 'ಸಂಪುಟ 1' ಎರಡು ಮೂರು ಬಗೆಯದು ಸಿಗಬಹುದು. ಒಂದರಲ್ಲಿ ಅವನು ಲೋಯಿಸ್ ಲೇನ್‌ಳನ್ನು ಮದುವೆಯಾದ ಗೃಹಸ್ಥ, ಇನ್ನೊಂದರಲ್ಲಿ ಬ್ರಹ್ಮಚಾರಿ. ಇದು ಅಚ್ಚಿನ ತಪ್ಪಲ್ಲ, ಪ್ರಕಾಶಕರು ಬೇಕೆಂದೇ ಮಾಡಿದ್ದು. ಪತ್ರಿಕೆಗಳನ್ನು ಮತ್ತೆ ಒಂದನೇ ಸಂಚಿಕೆಯಿಂದ ಹೊರಡಿಸಿದರೆ ಅದು ರೀಲಾಂಚ್. ಕಥೆಯ ಹಿಂದಿನ ಚರಿತ್ರೆಯನ್ನೇ ಬದಲಿಸಿದರೆ ರೀಬೂಟ್.

ಏಕೆ ಹೀಗೆ ಮಾಡುತ್ತಾರೆ? ಸೂಪರ್‌ಮ್ಯಾನ್ ಹುಟ್ಟಿದ್ದು 1938ರಲ್ಲಿ, 'ಆಕ್ಷನ್ ಕಾಮಿಕ್ಸ್' ಪತ್ರಿಕೆಯಲ್ಲಿ. ಅಂದಿನಿಂದ ನೂರಾರು ಲೇಖಕರು ಅವನ ಕಥೆ ಬರೆದಿದ್ದಾರೆ, ನಾಯಕನಿಗೆ ಮಾತ್ರ ವಯಸ್ಸಾಗಿಲ್ಲ. ಕಥೆಗಳು ಒಂದಕ್ಕೊಂದು ತಾಳೆಯಾಗದೆ ಸಿಕ್ಕುಸಿಕ್ಕಾಗುತ್ತವೆ. ಸಂಚಿಕೆ 900 ಎಂದು ಕಂಡ ಹೊಸ ಓದುಗ ಹಿಂಜರಿಯುತ್ತಾನೆ, 1 ಎಂದಿದ್ದರೆ ಧೈರ್ಯವಾಗಿ ಕೊಳ್ಳುತ್ತಾನೆ. ವ್ಯಾಪಾರದ ಗುಟ್ಟು ಇಷ್ಟೇ.

ಡಿಸಿ ಕಂಪನಿ 1985–86ರಲ್ಲಿ 12 ಸಂಚಿಕೆಗಳ ಒಂದು ಮಹಾಕಥೆ ಬರೆಸಿ, ತನ್ನ ಹಲವಾರು ಸಮಾನಾಂತರ ಭೂಮಿಗಳನ್ನು ಒಂದೇ ಭೂಮಿಯಾಗಿಸಿತು. 2011ರಲ್ಲಿ 52 ಪತ್ರಿಕೆಗಳನ್ನು ಒಟ್ಟಿಗೆ ಒಂದನೇ ಸಂಚಿಕೆಯಿಂದ ಆರಂಭಿಸಿತು. 'ಆಕ್ಷನ್ ಕಾಮಿಕ್ಸ್' 904ಕ್ಕೆ ನಿಂತು 1 ಆಯಿತು. 1996ರಲ್ಲಿ ನಡೆದಿದ್ದ ಸೂಪರ್‌ಮ್ಯಾನ್ ಮದುವೆ ನಡೆದೇ ಇಲ್ಲವೆಂದಾಯಿತು. ಹಳೆಯ ಓದುಗರಿಗೆ ಇದು ನೋವಿನ ವಿಷಯ. ಆದರೆ 2016ರಲ್ಲಿ ಕಂಪನಿ ಹಳೆಯ ಎಣಿಕೆಗೆ ಮರಳಿ, ನಡುವಿನ 52 ಸಂಚಿಕೆಗಳನ್ನೂ ಸೇರಿಸಿ 957 ಎಂದು ಅಚ್ಚು ಹಾಕಿತು. 2018ರಲ್ಲಿ ಸಾವಿರದ ಸಂಚಿಕೆಯೂ ಬಂತು.

ಹೊಸದಾಗಿ ಕಥೆ ಹೇಳುವುದು ಕನ್ನಡಿಗರಿಗೆ ಹೊಸತೇನಲ್ಲ. 10ನೇ ಶತಮಾನದಲ್ಲಿ ಪಂಪ ಮಹಾಭಾರತವನ್ನು ಹೇಳಿದಾಗ ಅರ್ಜುನ ನಾಯಕನಾದ, ದ್ರೌಪದಿ ಅವನೊಬ್ಬನ ಹೆಂಡತಿಯಾದಳು. ರನ್ನನಲ್ಲಿ ಭೀಮ ನಾಯಕ, ಕುಮಾರವ್ಯಾಸನಲ್ಲಿ ಎಲ್ಲವೂ ಕೃಷ್ಣಮಯ. ವ್ಯತ್ಯಾಸ ಎಲ್ಲಿದೆ ನೋಡಿ. ರನ್ನ ಬಂದನೆಂದು ಪಂಪನ ಕಥೆ ರದ್ದಾಗಲಿಲ್ಲ. ಮೂರೂ ನಮ್ಮವೇ, ಮೂರನ್ನೂ ಓದುತ್ತೇವೆ. ಸೂಪರ್‌ಮ್ಯಾನ್‌ಗಾದರೋ ಒಬ್ಬ ಮಾಲೀಕನಿದ್ದಾನೆ. ಯಾವುದು ನಡೆದದ್ದು, ಯಾವುದು ನಡೆದಿಲ್ಲ ಎಂದು ಆ ಮಾಲೀಕನೇ ತೀರ್ಮಾನಿಸುತ್ತಾನೆ.

ಈ ಎಣಿಕೆಯ ಆಟ ನಮ್ಮ ಮನೆಬಾಗಿಲಿಗೂ ಬಂದಿದೆ. 'ಅಮರ ಚಿತ್ರ ಕಥೆ' ನಿಮಗೆಲ್ಲ ಗೊತ್ತು. ಅದನ್ನು ಬೆಳೆಸಿದ ಅನಂತ ಪೈ ಕಾರ್ಕಳದವರು. ಇಂಗ್ಲಿಷಿನಲ್ಲಿ ಅದರ ಮೊದಲ ಪುಸ್ತಕ 'ಕೃಷ್ಣ'. ಆದರೆ ಅದರ ಮೇಲಿದ್ದ ಸಂಖ್ಯೆ 11! ಹಾಗಾದರೆ ಒಂದರಿಂದ ಹತ್ತು ಎಲ್ಲಿ? ಅವು ಕನ್ನಡದಲ್ಲಿದ್ದವು. ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸ್‌ನ ಪುಸ್ತಕ ಮಾರಾಟ ನೋಡಿಕೊಳ್ಳುತ್ತಿದ್ದ ಜಿ. ಕೆ. ಅನಂತರಾಮ್ ಅವರ ಯೋಚನೆಯಿಂದ 1965ರಲ್ಲಿ ಬಂದ ಪುಸ್ತಕಗಳವು. ಕಥೆಗಳು ಸಿಂಡ್ರೆಲಾದಂಥ ಪಾಶ್ಚಾತ್ಯ ಕಿನ್ನರಕಥೆಗಳು, ಭಾಷೆ ಕನ್ನಡ. ಅವುಗಳಿಗೆ ಸಿಕ್ಕ ಯಶಸ್ಸು ಮುಂದಿನದಕ್ಕೆ ದಾರಿಯಾಯಿತು. ಆಮೇಲೆ ಪುರಾಣ, ಇತಿಹಾಸದ ಕಥೆಗಳು ಇಂಗ್ಲಿಷಿನಲ್ಲಿ ಮೊದಲು ಬಂದು, ಕನ್ನಡಕ್ಕೆ ಅನುವಾದವಾಗಿ ಬರತೊಡಗಿದವು.

ಸೂಪರ್‌ಮ್ಯಾನ್‌ನ 904 ಸಂಚಿಕೆಗಳಿಗಾಗಿ ದನಿಯೆತ್ತುವ ಓದುಗರಿದ್ದರು, ಎಣಿಕೆಯೂ ಮರಳಿತು. ನಮ್ಮ ಆ ಹತ್ತು ಪುಸ್ತಕಗಳನ್ನು ಕೇಳುವವರು ಕಡಿಮೆ. ಇಲ್ಲಿ ಬೆಳೆಯುವ ನಮ್ಮ ಮಕ್ಕಳು ಅಮರ ಚಿತ್ರ ಕಥೆಯನ್ನು ಇಂಗ್ಲಿಷಿನಲ್ಲೇ ಓದುತ್ತಾರೆ. ಅದು ಇಂಗ್ಲಿಷಿನಲ್ಲೇ ಹುಟ್ಟಿತೆಂದು ತಿಳಿದರೆ ತಪ್ಪು ಅವರದಲ್ಲ.

ಹಾಗಾಗಿ ಎರಡು ಮಾತು. ಮಗು 'ಯಾವುದರಿಂದ ಓದಲಿ?' ಎಂದು ಕೇಳಿದರೆ, ಮುಖಪುಟದ ಸಂಖ್ಯೆಯ ಜೊತೆಗೆ ಒಳಪುಟದಲ್ಲಿರುವ ಪ್ರಕಟಣೆಯ ವರ್ಷವನ್ನೂ ನೋಡಲು ಹೇಳಿಕೊಡಿ. ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. ಇನ್ನೊಂದು, ಈ ಸಲ ಊರಿಗೆ ಹೋದಾಗ ಅಟ್ಟದ ಮೇಲಿನ ಹಳೆಯ ಪುಸ್ತಕದ ಗಂಟನ್ನು ರದ್ದಿಗೆ ಹಾಕುವ ಮುನ್ನ ಒಮ್ಮೆ ಬಿಚ್ಚಿ ನೋಡಿ. ಆ ಹತ್ತರಲ್ಲಿ ಒಂದು ಸಿಕ್ಕರೂ ಸಿಗಬಹುದು.