ಹೊಲದಿಂದ ಹೊಲಕ್ಕೆ, ಅಂಬಲಿಯಿಂದ ಅಂಬಲಿಗೆ

ಹೈದರಾಬಾದ್–ಸೊಲ್ಲಾಪುರ ನಡುವಿನ ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಬೀದರ್ ಜಿಲ್ಲೆಯ ಮನ್ನಾಏಖೇಳ್ಳಿ ಎಂದರೆ ಲಾರಿಗಳು, ಧಾಬಾಗಳು, ಬೀದರ್ ಕಡೆ ತಿರುಗುವ ಬಸ್ಸುಗಳ ಹಾರನ್ನು. ಚಳಿಗಾಲದ ಒಂದು ದಿನ ಮಾತ್ರ ಇಲ್ಲಿನ ಬಹುಪಾಲು ಅಂಗಡಿಗಳ ಶಟರು ಮೇಲೇಳುವುದಿಲ್ಲ. ಯಾರೂ ಬಂದ್‌ಗೆ ಕರೆ ಕೊಟ್ಟಿರುವುದಿಲ್ಲ. ಅಂಗಡಿಯವರೂ ಗಿರಾಕಿಗಳೂ ಹೊಲದಲ್ಲಿರುತ್ತಾರೆ, ಅಷ್ಟೇ. ಹುಮನಾಬಾದ್, ಚಿಟಗುಪ್ಪ, ಬಸವಕಲ್ಯಾಣ, ಎಲ್ಲ ಕಡೆ ಅದೇ ಕತೆ. ಅದು ಎಳ್ಳ ಅಮಾವಾಸ್ಯೆ. ಊರ ಮಂದಿಯ ಬಾಯಲ್ಲಿ ಎಳ್ಳಾಮಾಸಿ.

ಮಾರ್ಗಶಿರ ಮಾಸದ ಕೊನೆಯ ದಿನವಾದ್ದರಿಂದ ಇದು ಇಂಗ್ಲಿಷ್ ಕ್ಯಾಲೆಂಡರಿನ ಲೆಕ್ಕಕ್ಕೆ ಸಿಗುವುದಿಲ್ಲ. 2022ರಲ್ಲಿ ಜನವರಿ 2ಕ್ಕೆ ಒಮ್ಮೆ, ಡಿಸೆಂಬರ್ 23ಕ್ಕೆ ಇನ್ನೊಮ್ಮೆ ಬಂತು. 2023 ಪೂರ್ತಿ ಬರಲೇ ಇಲ್ಲ. 2024ರಲ್ಲಿ ಮತ್ತೆ ಎರಡು ಸಲ. ಈ ಅಮಾವಾಸ್ಯೆಗೆ ಹದಿನೈದು ದಿನ ಮೊದಲು, ಹುಣ್ಣಿಮೆಗೆ, ಹುಮನಾಬಾದಿನ ಮಾಣಿಕನಗರದಲ್ಲಿ ದತ್ತ ಜಯಂತಿ. ಸಂತ ಮಾಣಿಕಪ್ರಭುಗಳ ಸನ್ನಿಧಿಯ ದರ್ಬಾರು ನೋಡಿ, ರಾತ್ರಿಯ ಸಂಗೀತ ಕೇಳಿದವರು ಮನೆಗೆ ಬಂದು ಅವರೆ ಬಿಡಿಸಲು ಕೂರುತ್ತಾರೆ.

ಹಬ್ಬ ಶುರುವಾಗುವುದು ಹಿಂದಿನ ರಾತ್ರಿ, ಅಡುಗೆಮನೆಯಲ್ಲಿ. ಬೀದರ್ ಜಿಲ್ಲೆಯ ಎಳ್ಳಾಮಾಸಿಯ ಜೀವ ಭಜ್ಜಿ. ಈ ಹೆಸರು ಕೇಳಿ ಎಣ್ಣೆಯಲ್ಲಿ ಕರಿದ ಬಜ್ಜಿಯನ್ನು ನೆನೆಯಬೇಡಿ. ಆ ವಾರ ಹೊಲದಲ್ಲಿ, ಹಿತ್ತಲಲ್ಲಿ, ಸಂತೆಯಲ್ಲಿ ಹಸಿಯಾಗಿ ಏನೇನು ಸಿಗುತ್ತದೋ ಅದೆಲ್ಲ ಒಂದೇ ಪಾತ್ರೆಗೆ ಬೀಳುತ್ತದೆ. ಅವರೆ, ಹಸಿ ತೊಗರಿ, ಬಟಾಣಿ, ಹಸಿಗಡಲೆ, ಮೆಂತ್ಯ, ಪಾಲಕ್, ಬದನೆ, ಗಜ್ಜರಿ, ಹಸಿಮೆಣಸು, ರಾಶಿ ಬೆಳ್ಳುಳ್ಳಿ. ಹುಣಸೆಯ ಹುಳಿ ಹಿಂಡಿ, ಕಡಲೆಹಿಟ್ಟು ಕಲಸಿ ಬಿಟ್ಟು ಗಟ್ಟಿಯಾಗುವ ತನಕ ಕುದಿಸಬೇಕು. ಒಂದು ಮನೆಯ ಭಜ್ಜಿ ಇನ್ನೊಂದು ಮನೆಯದನ್ನು ಹೋಲುವುದಿಲ್ಲ. ಹೋಲಬಾರದು ಕೂಡ, ಇಲ್ಲದಿದ್ದರೆ ಮರುದಿನ ಹೊಲದಿಂದ ಹೊಲಕ್ಕೆ ತಿರುಗುವುದಕ್ಕೆ ಅರ್ಥವೇ ಇರುವುದಿಲ್ಲ. ಪಕ್ಕದಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಜೋಳದ ಬಾನ, ಖೀರು. ಅಕ್ಕಪಕ್ಕದ ಹೆಣ್ಣುಮಕ್ಕಳು ಒಬ್ಬರ ಮನೆಯ ರೊಟ್ಟಿ ಮುಗಿಸಿ ಇನ್ನೊಬ್ಬರ ಮನೆಗೆ ಹೋಗಿ ತಟ್ಟುತ್ತಾರೆ. ಗಂಡಸರ ಪಾಲಿನ ಕೆಲಸ ಈ ರಾತ್ರಿ ಬಹಳ ಕಡಿಮೆ; ಹೊಗಳಿಕೆ ಮಾತ್ರ ಮರುದಿನ ಸಮಪಾಲು.

ಕುಡಿಯುವುದಕ್ಕೆ ಅಂಬಲಿ. ಜೋಳದ ಹಿಟ್ಟನ್ನು ನೀರಿನಲ್ಲಿ ಗಂಜಿಯಾಗಿ ಕಾಯಿಸಿ, ಆರಿಸಿ, ಮಜ್ಜಿಗೆ ಬೆರೆಸಿ, ಜಜ್ಜಿದ ಬೆಳ್ಳುಳ್ಳಿ, ಜೀರಿಗೆ, ಉಪ್ಪು ಹಾಕಿ ಮಣ್ಣಿನ ಗಡಿಗೆಯಲ್ಲಿ ಇಡುತ್ತಾರೆ. ರಾತ್ರಿ ಕಳೆಯುವಷ್ಟರಲ್ಲಿ ಹುಳಿ ಹಿಡಿಯುತ್ತದೆ. ಬೆಳಗ್ಗೆ ಆ ಗಡಿಗೆ ತಲೆಯ ಮೇಲೇರಿ ಹೊಲಕ್ಕೆ ಹೊರಡುತ್ತದೆ. ಮಧ್ಯಾಹ್ನದ ಬಿಸಿಲಿಗೆ ಹುಳಿ ಇನ್ನೊಂದು ಮಟ್ಟ ಏರುತ್ತದೆ. ಇದರಲ್ಲಿ ಹೆಂಡದ ಅಮಲಿಲ್ಲ. ಆದರೂ ಭಜ್ಜಿ ರೊಟ್ಟಿಯ ಮೇಲೆ ಎರಡು ಚರಗಿ ಇಳಿಸಿದವನಿಗೆ ಬೇವಿನ ನೆರಳಿನಲ್ಲಿ ರೆಪ್ಪೆ ಎತ್ತಲು ಕಷ್ಟ.

ಹೊಲದಲ್ಲಿ ಮೊದಲ ಕೆಲಸ ಕೊಂಪಿ. ಜೋಳದ ದಂಟಿನ ಸಿವುಡುಗಳನ್ನು ನಿಲ್ಲಿಸಿ ತುದಿ ಸೇರಿಸಿ ಕಟ್ಟಿದರೆ ಪುಟ್ಟ ಗುಡಿಸಲು ಸಿದ್ಧ. ಮೇಲೊಂದು ಶಾಲು. ಒಳಗೆ ಸುಣ್ಣ ಬಳಿದು ಕೆಮ್ಮಣ್ಣು ಹಚ್ಚಿದ ಐದು ಕಲ್ಲುಗಳು: ಪಂಚಪಾಂಡವರು. ಪೂಜೆ ಮುಗಿದ ಮೇಲೆ ಒಬ್ಬರು ಎಡೆಯ ಅಡುಗೆಯನ್ನೆಲ್ಲ ಕಲಸಿ ಹೊಲದ ಸುತ್ತ ಚರಗ ಚೆಲ್ಲುತ್ತಾರೆ, ಹಿಂದೆ ಇನ್ನೊಬ್ಬರು ನೀರು ಚಿಮುಕಿಸುತ್ತಾರೆ. ಹಿಂಗಾರಿ ಬಿಳಿಜೋಳ ಬಿತ್ತುವುದು ಸೆಪ್ಟೆಂಬರ್–ಅಕ್ಟೋಬರಿನಲ್ಲಿ. ಎಳ್ಳಾಮಾಸಿಯ ಹೊತ್ತಿಗೆ ಪೈರು ಹೊಡೆಯಲ್ಲಿರುತ್ತದೆ, ತೆನೆ ಹೊರಬರುವ ಸಮಯ. ಭೂತಾಯಿ ಬಸುರಿ, ಅವಳ ಬಯಕೆ ತೀರಿಸಬೇಕು ಎಂಬ ನಂಬಿಕೆ ಹೊಲದ ಲೆಕ್ಕಕ್ಕೆ ಸರಿಯಾಗಿಯೇ ಕೂತಿದೆ.

ಆಮೇಲೆ ಗೆಳೆಯರ ಗುಂಪಿನ ನಿಜವಾದ ಹಬ್ಬ. ‘ಕಾಕಾ, ನಮ್ಮ ಹೊಲಕ್ಕ ಬರ್ರಿ’, ‘ಅಣ್ಣಾ, ಒಂದು ಚರಗಿ ಅಂಬಲಿ ಕುಡ್ದು ಹೋಗ್ರಿ’ ಎಂಬ ಕೂಗು ಬದುವಿನಿಂದ ಬದುವಿಗೆ ದಾಟುತ್ತದೆ. ಒಂದು ಹೊಲದಲ್ಲಿ ಉಂಡವರು ಕೈ ತೊಳೆದು ಮುಂದಿನ ಹೊಲಕ್ಕೆ. ಅಲ್ಲಿ ಮತ್ತೆ ಎಲೆ, ಮತ್ತೆ ಭಜ್ಜಿ. ಮೇಷ್ಟ್ರು, ಬ್ಯಾಂಕಿನವರು, ಹೈದರಾಬಾದಿನಿಂದ ಬಂದ ಮಗನ ಗೆಳೆಯರು, ಜಾತಿ ಬೇರೆಯವರು, ಧರ್ಮ ಬೇರೆಯವರು, ಎಲ್ಲರಿಗೂ ಕರೆ ಇರುತ್ತದೆ. ಹೊಲವಿಲ್ಲದವನ ಪಾಲಿಗೆ ಇದು ಇನ್ನೂ ದೊಡ್ಡ ಹಬ್ಬ. ಅವನಿಗೆ ಹತ್ತು ಹೊಲ.

ಹೀಗೇ ಅಮೆರಿಕದ ಊರುಗಳಲ್ಲೂ ಗೆಳೆಯರು ಗುಂಪುಗಟ್ಟಿ ಒಂದು ಟಿಕಿ ಬಾರಿನಿಂದ ಇನ್ನೊಂದಕ್ಕೆ ಸುತ್ತುತ್ತಾರೆ. ತಾಳೆಗರಿಯ ಸೂರು, ಬಿದಿರಿನ ಗೋಡೆ, ಮರದಲ್ಲಿ ಕೆತ್ತಿದ ಪಾಲಿನೇಷ್ಯಾದ ಮೂರ್ತಿಗಳು, ರಮ್ಮು, ಹಣ್ಣಿನ ರಸ. 1930ರ ದಶಕದಲ್ಲಿ ಹಾಲಿವುಡ್‌ನ ಡಾನ್ ದಿ ಬೀಚ್‌ಕೋಂಬರ್, ಓಕ್‌ಲೆಂಡಿನ ಟ್ರೇಡರ್ ವಿಕ್ಸ್ ಬಾರುಗಳು ಹಾಕಿಕೊಟ್ಟ ಮೇಲ್ಪಂಕ್ತಿ ಅದು. ಗುಡಿಸಲು, ಮೂರ್ತಿ, ಹುಳಿ ಪಾನೀಯ, ಸ್ನೇಹಿತರ ಸುತ್ತಾಟ ಎಲ್ಲವೂ ಎಳ್ಳಾಮಾಸಿಯಲ್ಲೂ ಇವೆ. ಅಲ್ಲಿಯದು ಯಾರದೋ ದ್ವೀಪವನ್ನು ನಗರದೊಳಗೆ ನಟಿಸುವ ಗುಡಿಸಲು. ಕೊಂಪಿ ನಿಂತಿರುವುದು ಕಟ್ಟಿದವರ ಸ್ವಂತ ಮಣ್ಣಿನ ಮೇಲೆ, ಅದೂ ಒಂದೇ ದಿನಕ್ಕೆ, ಬಿಲ್ಲು ಕೊಡುವವರೂ ಕೇಳುವವರೂ ಇಲ್ಲದೆ. ನನ್ನ ಓಟು ಇತ್ತ ಕಡೆಗೆ.

ಗಡಿಯಾಚೆ ಲಾತೂರು, ಧಾರಾಶಿವ (ಹಿಂದಿನ ಉಸ್ಮಾನಾಬಾದ್) ಸೀಮೆಯ ಮರಾಠಿ ರೈತರೂ ಇದೇ ದಿನ ವೇಳ ಅಮಾವಾಸ್ಯೆ ಮಾಡುತ್ತಾರೆ. ಅದೇ ಕೊಂಪಿ, ಅದೇ ಪಾಂಡವರು, ಅದೇ ಭಜ್ಜಿ ಅಂಬಲಿ. ಇದರಲ್ಲಿ ಅಚ್ಚರಿಯಿಲ್ಲ. ನಿಜಾಮರ ಕಾಲದ ಬೀದರ್ ಜಿಲ್ಲೆಯಲ್ಲಿ ಉದಗೀರ, ನಿಲಂಗಾ, ಅಹ್ಮದಪುರ ತಾಲ್ಲೂಕುಗಳೂ ಇದ್ದವು. 1956ರ ರಾಜ್ಯ ಪುನರ್ವಿಂಗಡಣೆ ಜಿಲ್ಲೆಯನ್ನು ಹಂಚಿತು, ಊಟದ ಎಲೆಯನ್ನು ಹಂಚಲು ಅದಕ್ಕೆ ಆಗಲಿಲ್ಲ.

ಕಷ್ಟ ಬಂದಿರುವುದು ಬೇರೆ ದಿಕ್ಕಿನಿಂದ. ಬೀದರ್ ಈಗ ಸೋಯಾಬೀನ್ ಮತ್ತು ಕಬ್ಬಿನ ಜಿಲ್ಲೆ. ಸೋಯಾ ಕೊಯ್ದ ಹೊಲಕ್ಕೆ ಕಡಲೆ ಬೀಳುತ್ತದೆ. ಬಿಳಿಜೋಳದ ಹೊಲಗಳು ಕಡಿಮೆಯಾಗುತ್ತಿವೆ. ಜೋಳ ಬೆಳೆಯದವರು ಕೊಂಪಿಗೆ ದಂಟನ್ನು ನೆಂಟರ ಹೊಲದಿಂದ ತರಬೇಕು. ಕಬ್ಬಿನ ಗದ್ದೆಯಲ್ಲಿ ಚರಗ ಚೆಲ್ಲಬಹುದು, ಆದರೆ ನಡುವೆ ಕೂತು ಉಣ್ಣಲು ಜಾಗವಿಲ್ಲ, ಪಕ್ಕದ ಹೊಲದವನನ್ನು ಕರೆಯಲು ಅವನು ಕಣ್ಣಿಗೇ ಬೀಳುವುದಿಲ್ಲ. ಮಂಗಳ ಕಾರ್ಯಾಲಯದಲ್ಲಿ, ಹೋಟೆಲಿನಲ್ಲಿ ಭಜ್ಜಿ ಬಡಿಸಿ ಈ ಹಬ್ಬವನ್ನು ಉಳಿಸುತ್ತೇವೆ ಎನ್ನುವವರನ್ನು ನಾನು ನಂಬುವುದಿಲ್ಲ. ಬದು ದಾಟದೆ ಎಳ್ಳಾಮಾಸಿ ಆಗುವುದಿಲ್ಲ.

2026ರಲ್ಲಿ ಈ ಅಮಾವಾಸ್ಯೆ ಇಲ್ಲ. ಅಧಿಕ ಜ್ಯೇಷ್ಠ ಮಾಸ ಬಂದು ಅದನ್ನು 2027ರ ಜನವರಿ 7ಕ್ಕೆ ತಳ್ಳಿದೆ. ಆ ಗುರುವಾರ ಹೆದ್ದಾರಿಯಲ್ಲಿದ್ದರೆ ಮನ್ನಾಏಖೇಳ್ಳಿಯಲ್ಲೋ ಹುಮನಾಬಾದಿನಲ್ಲೋ ಇಳಿದುಕೊಳ್ಳಿ, ರಸ್ತೆ ಬಿಟ್ಟು ಯಾವುದಾದರೂ ಹೊಲದ ಹಾದಿ ಹಿಡಿಯಿರಿ. ಕರೆದರೆ ಬೇಡ ಎನ್ನಬೇಡಿ. ಮೊದಲ ಹೊಲದಲ್ಲಿ ಮಾತ್ರ ಒಂದೇ ರೊಟ್ಟಿಗೆ ನಿಲ್ಲಿಸಿ.