ಹಳೆಯ ಕಾರಿನ ಬ್ರೇಕಿಗೆ ಹೊಸ ಬಿಡಿಭಾಗ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೋಟದ ಮನೆಗಳಲ್ಲಿ ಉಂಡೆ ಕೊಬ್ಬರಿಯಾಗಲೆಂದು ತೆಂಗಿನಕಾಯಿಗಳನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಇಟ್ಟಿರುವುದು ಎಲ್ಲರೂ ಬಲ್ಲ ಸಂಗತಿ. ಇಂಥ ಮನೆಗಳ ಕೊಟ್ಟಿಗೆಯಲ್ಲಿ ಒಮ್ಮೊಮ್ಮೆ ಇನ್ನೊಂದು ವಸ್ತುವೂ ವರ್ಷಗಟ್ಟಲೆ ನಿಂತಿರುತ್ತದೆ. ಅದು ಅಂಬಾಸಿಡರ್ ಕಾರು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಶ್ರೇಣಿಯನ್ನು ಅನುಸರಿಸಿ, 1950ರ ದಶಕದ ಕೊನೆಯಿಂದ 2014ರವರೆಗೆ ಬಂಗಾಳದ ಉತ್ತರಪಾರಾದಲ್ಲಿ ತಯಾರಾದ ವಾಹನವಿದು. ತುರುವೇಕೆರೆಯ ಕಡೆಯ ನಮ್ಮ ಪರಿಚಿತ ತೋಟಗಾರರೊಬ್ಬರು, ತಂದೆಯವರ ಕಾಲದ ಇಂಥದೊಂದು ಕಾರನ್ನು ಮತ್ತೆ ರಸ್ತೆಗಿಳಿಸಿ, ಮನೆಮಂದಿಯನ್ನು ಅದರಲ್ಲಿಯೇ ಧರ್ಮಸ್ಥಳಕ್ಕೆ ಕರೆದೊಯ್ಯಬೇಕೆಂದು ಸಂಕಲ್ಪಿಸಿದರು. ಯಂತ್ರವನ್ನು ಎಬ್ಬಿಸುವುದು ಕಷ್ಟವಾಗಲಿಲ್ಲ. ತೊಡಕೆಲ್ಲ ಬಂದದ್ದು ಬ್ರೇಕಿನಲ್ಲಿ.

ಓಡಿಸುವುದಕ್ಕಿಂತ ನಿಲ್ಲಿಸುವುದು ದೊಡ್ಡ ಕೆಲಸವೆಂಬುದನ್ನು ಒಂದು ಸಣ್ಣ ಲೆಕ್ಕದಿಂದ ಮನಗಾಣಬಹುದು. ಜನರೂ ಸಾಮಾನೂ ಸೇರಿ ಕಾರಿನ ದ್ರವ್ಯರಾಶಿ 1400 ಕಿಲೋಗ್ರಾಂ, ವೇಗ ಗಂಟೆಗೆ 60 ಕಿಲೋಮೀಟರ್ ಎಂದಿಟ್ಟುಕೊಂಡರೆ, ಅದರ ಚಲನಶಕ್ತಿ ಸುಮಾರು 1,94,000 ಜೌಲ್‌ಗಳಾಗುತ್ತದೆ. ನಾಲ್ಕು ಸೆಕೆಂಡುಗಳಲ್ಲಿ ಕಾರು ನಿಲ್ಲಬೇಕಾದರೆ ಇಷ್ಟೂ ಶಕ್ತಿ ಅಷ್ಟರೊಳಗೆ ಉಷ್ಣವಾಗಿ ಮಾರ್ಪಡಬೇಕು. ಎಂದರೆ ಸುಮಾರು 65 ಅಶ್ವಶಕ್ತಿಯ ದರದಲ್ಲಿ. ಆ ಹಳೆಯ ಕಾರಿನ ಯಂತ್ರದ ಸಾಮರ್ಥ್ಯವೋ ಸುಮಾರು 50 ಅಶ್ವಶಕ್ತಿ! ಇನ್ನು ಧರ್ಮಸ್ಥಳದ ಹಾದಿಯಲ್ಲಿ ಚಾರ್ಮಾಡಿ ಘಾಟಿಯನ್ನು ಇಳಿಯಬೇಕಷ್ಟೆ. ಇಳಿತ 500 ಮೀಟರ್ ಎಂದೇ ಹಿಡಿದರೂ, ಈ ಕಾರು ಕಳೆದುಕೊಳ್ಳಬೇಕಾದ ಶಕ್ತಿ 68 ಲಕ್ಷ ಜೌಲ್‌ಗಳನ್ನು ಮೀರುತ್ತದೆ. ಕೊಡದ ತಣ್ಣೀರನ್ನು, ಇಪ್ಪತ್ತು ಲೀಟರಿಗೂ ಮಿಕ್ಕಿ, ಕುದಿಯುವ ಮಟ್ಟಕ್ಕೆ ತರಲು ಅದು ಸಾಕು. ಗೇರನ್ನು ತಗ್ಗಿಸಿ ಇಳಿಯುವ ಚಾಲಕನು ಇದರ ಬಹುಭಾಗವನ್ನು ಯಂತ್ರದ ಮೇಲೆ ಹಾಕುತ್ತಾನೆ. ಗೇರನ್ನು ಮರೆತವನು ಅಷ್ಟನ್ನೂ ನಾಲ್ಕು ಡ್ರಮ್ಮುಗಳ ಮೇಲೆ ಹೊರಿಸುತ್ತಾನೆ.

ಈ ಡ್ರಮ್ಮುಗಳ ಒಳಗೆ ಅರ್ಧಚಂದ್ರಾಕಾರದ ಎರಡೆರಡು ಬ್ರೇಕ್ ಶೂಗಳಿರುತ್ತವೆ. ಕಾಲಿನಿಂದ ಪೆಡಲನ್ನು ಅದುಮಿದಾಗ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ದ್ರವವನ್ನು ಒತ್ತುತ್ತದೆ. ಆ ಒತ್ತಡವು ಕೊಳವೆಗಳ ಮೂಲಕ ಚಕ್ರಗಳ ಬಳಿಯ ವೀಲ್ ಸಿಲಿಂಡರುಗಳನ್ನು ತಲುಪಿ, ಅಲ್ಲಿಯ ಪಿಸ್ಟನ್ನುಗಳು ಶೂಗಳನ್ನು ಡ್ರಮ್ಮಿನ ಒಳಮೈಗೆ ಒತ್ತುವಂತೆ ಮಾಡುತ್ತದೆ. ಮುಚ್ಚಿದ ಪಾತ್ರೆಯ ದ್ರವದ ಮೇಲೆ ಹಾಕಿದ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂಬ ಪಾಸ್ಕಲನ ನಿಯಮವನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೂ ಅರಿತಿದ್ದಾರೆ. ಬಿಡಿಭಾಗವನ್ನು ಅರಸಿ ಹೊರಟವರು ಮೊದಲು ಎಡವುವುದು ಈ ನಿಯಮದಲ್ಲಿಯೇ ಎಂಬುದು ಸೋಜಿಗ.

ನಮ್ಮ ತೋಟಗಾರರಿಗೆ ಆದದ್ದೂ ಇದೇ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿಯೂ ಶಿವಾಜಿನಗರದ ಗುಜರಿಯಲ್ಲಿಯೂ ಅಲೆದು ಅವರು ಒಂದು ಮಾಸ್ಟರ್ ಸಿಲಿಂಡರನ್ನು ತಂದರು. ಬೋಲ್ಟುಗಳ ರಂಧ್ರಗಳು ಸರಿಯಾಗಿ ಕೂಡಿದವು, ಕೊಳವೆಯ ಮರೆಗಳೂ ಕೂಡಿದವು. ಪೆಡಲು ಮೊದಲಿಗಿಂತ ಗಟ್ಟಿಯಾಗಿ, ಸ್ವಲ್ಪವೇ ಇಳಿದು ನಿಲ್ಲುತ್ತಿತ್ತು. “ಮೇಷ್ಟ್ರೇ, ಈಗ ಬ್ರೇಕು ಭರ್ಜರಿಯಾಗಿದೆ” ಎಂದು ಅವರು ಸಂತೋಷಪಟ್ಟರು. ನಾವು ಪ್ರಯೋಗಶಾಲೆಯ ವರ್ನಿಯರ್ ಮಾಪಕವನ್ನು ಒಯ್ದು ಅಳೆದು ನೋಡಿದೆವು. ಹಳೆಯ ಸಿಲಿಂಡರಿನ ಒಳವ್ಯಾಸ ಅಂಗುಲದ ಎಂಟನೇ ಏಳು ಭಾಗ, ಎಂದರೆ 22.2 ಮಿಲಿಮೀಟರ್; ಹೊಸದರದು ಪೂರ್ತಿ ಒಂದು ಅಂಗುಲ, 25.4 ಮಿಲಿಮೀಟರ್. ಕಣ್ಣಿಗೆ ಇದು ಅಲ್ಪ ಅಂತರ. ಆದರೆ ಕ್ಷೇತ್ರಫಲವು ವ್ಯಾಸದ ವರ್ಗವನ್ನು ಅನುಸರಿಸುವುದರಿಂದ, ಅದೇ ಕಾಲಿನ ಬಲಕ್ಕೆ ದೊರೆಯುವ ಒತ್ತಡವು 64ರಲ್ಲಿ 49 ಪಾಲಿಗೆ ಇಳಿಯುತ್ತದೆ. ನೂರಕ್ಕೆ ಇಪ್ಪತ್ತಮೂರರಷ್ಟು ಬ್ರೇಕು ಹೋದಂತಾಯಿತು! ಪೆಡಲು ಗಟ್ಟಿಯೆನಿಸಿದ್ದಕ್ಕೂ ಇದೇ ಕಾರಣ: ಅಗಲವಾದ ಪಿಸ್ಟನ್ ಸ್ವಲ್ಪ ಸರಿದರೂ ಹೆಚ್ಚು ದ್ರವವನ್ನು ತಳ್ಳುತ್ತದೆ. ಕಾಲಿಗೆ ಹಿತವೆನಿಸುವ ಬ್ರೇಕು ಕಾರನ್ನು ನಿಲ್ಲಿಸುವ ಬ್ರೇಕೇ ಆಗಿರಬೇಕೆಂದಿಲ್ಲ. ವೀಲ್ ಸಿಲಿಂಡರಿನಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ಅಗಲ ಹೆಚ್ಚಿದರೆ ಬಲ ಹೆಚ್ಚುತ್ತದೆ. ಆದರೆ ಹಿಂದಿನ ಚಕ್ರಗಳಿಗೆ ಮಾತ್ರ ಅಗಲವಾದದ್ದನ್ನು ಹಾಕಿದರೆ ಅವು ಮುಂದಿನವಕ್ಕಿಂತ ಮೊದಲೇ ಬಿಗಿದು, ಒದ್ದೆ ರಸ್ತೆಯಲ್ಲಿ ಕಾರು ಅಡ್ಡಕ್ಕೆ ತಿರುಗೀತು.

ಈ ಭಾಗವನ್ನು ಬದಲಿಸಿದ ಮೇಲೆ ಇನ್ನೊಂದು ವಿಚಿತ್ರ ನಡೆಯಿತು. ಕಾರು ಎರಡು ಕಿಲೋಮೀಟರ್ ಸುಖವಾಗಿ ಓಡಿ, ಆಮೇಲೆ ಯಾರೂ ಪೆಡಲನ್ನು ಮುಟ್ಟದೆಯೇ ಬ್ರೇಕು ತಾನಾಗಿ ಹಿಡಿಯತೊಡಗಿತು. ಡ್ರಮ್ಮುಗಳು ಕೈಯಿಡಲಾಗದಷ್ಟು ಕಾದಿದ್ದವು. ಒಂದು ಗಂಟೆ ಬಿಟ್ಟು ನೋಡಿದರೆ ಕಾರು ಮತ್ತೆ ಸಲೀಸಾಗಿ ಉರುಳುತ್ತಿತ್ತು! ಸಿಲಿಂಡರನ್ನು ಬಿಚ್ಚಿದಾಗ ಗುಟ್ಟು ಹೊರಬಿತ್ತು. ಒಳಗಿನ ರಬ್ಬರ್ ವಾಷರುಗಳು ಊದಿಕೊಂಡು ಮೆತ್ತಗಾಗಿದ್ದವು. ದ್ರವ ಕಡಮೆಯಾಗಿದೆಯೆಂದು ಯಾರೋ ಯಂತ್ರಕ್ಕೆ ಹಾಕುವ ಎಣ್ಣೆಯನ್ನೇ ತೊಟ್ಟಿಗೆ ಸುರಿದಿದ್ದರು. ನಮ್ಮ ಊರುಗಳಲ್ಲಿ ಈ ದ್ರವಕ್ಕೆ ‘ಬ್ರೇಕ್ ಆಯಿಲ್’ ಎಂದೇ ಹೆಸರಾದ್ದರಿಂದ ಸುರಿದವರನ್ನು ಪೂರ್ತಿ ದೂರುವಂತಿಲ್ಲ. ವಾಸ್ತವವಾಗಿ ಅದು ಎಣ್ಣೆಯೇ ಅಲ್ಲ. ಗ್ಲೈಕಾಲ್ ಈಥರ್ ಎಂಬ ಬಗೆಯ ಸಂಯುಕ್ತಗಳ ಮಿಶ್ರಣ.

ರಬ್ಬರು ಏಕೆ ಊದಿತು? ರಬ್ಬರೆಂಬುದು ಇಂಗಾಲ ಮತ್ತು ಜಲಜನಕಗಳ ಉದ್ದವಾದ ಅಣುಸರಪಣಿಗಳ ಸಿಕ್ಕು. ಗಂಧಕದೊಡನೆ ಕಾಯಿಸಿದಾಗ ಈ ಸರಪಣಿಗಳ ನಡುವೆ ಅಲ್ಲಲ್ಲಿ ಗಂಟು ಬೀಳುತ್ತದೆ. ಖನಿಜತೈಲದ ಅಣುಗಳೂ ಇಂಗಾಲ-ಜಲಜನಕಗಳವೇ. ಸಜಾತಿಯ ಸರಪಣಿಗಳ ನಡುವೆ ಅವು ಸುಲಭವಾಗಿ ನುಸುಳುತ್ತವೆ. ಗಂಟುಗಳಿರುವುದರಿಂದ ರಬ್ಬರು ಕರಗಿಹೋಗಲಾರದು, ಆದ್ದರಿಂದ ಊದುತ್ತದೆ. ವಿದ್ಯಾರ್ಥಿಗಳು ಇದನ್ನು ಸ್ವತಃ ಪರೀಕ್ಷಿಸಬಹುದು. ಒಂದೇ ಕಟ್ಟಿನ ಮೂರು ರಬ್ಬರ್ ಬ್ಯಾಂಡುಗಳನ್ನು ಸೀಮೆಎಣ್ಣೆ, ಕೊಬ್ಬರಿಎಣ್ಣೆ, ಹರಳೆಣ್ಣೆಗಳಲ್ಲಿ ಬೇರೆ ಬೇರೆಯಾಗಿ ಮುಳುಗಿಸಿಟ್ಟು, ಕೆಲವು ದಿನ ಬಿಟ್ಟು ಉದ್ದವನ್ನು ಅಳೆಯಿರಿ. ಸೀಮೆಎಣ್ಣೆಯದು ಬಹಳ ಬೆಳೆದಿರುತ್ತದೆ, ಕೊಬ್ಬರಿಎಣ್ಣೆಯದೂ ಊದಿರುತ್ತದೆ, ಹರಳೆಣ್ಣೆಯದು ಎಲ್ಲಕ್ಕಿಂತ ಕಡಮೆ. ಹರಳೆಣ್ಣೆಯ ಅಣುವಿನಲ್ಲಿ ಆಮ್ಲಜನಕ-ಜಲಜನಕ ಜೋಡಿಯ ಗುಂಪುಗಳು ಹೆಚ್ಚಾಗಿರುವುದರಿಂದ ಅದಕ್ಕೆ ರಬ್ಬರಿನೊಡನೆ ಅಷ್ಟು ಸ್ನೇಹವಿಲ್ಲ. ಆರಂಭಕಾಲದ ಬ್ರೇಕುಗಳಲ್ಲಿ ಹರಳೆಣ್ಣೆಗೆ ಮದ್ಯಸಾರವನ್ನು ಬೆರೆಸಿ ಬಳಸುತ್ತಿದ್ದುದು ಇದೇ ಕಾರಣಕ್ಕೆ. ನಮ್ಮ ಸೀಮೆಯ ಹೊಲದ ಬದುಗಳಲ್ಲಿ ಬೆಳೆಯುವ ಹರಳಿಗೆ ಹೀಗೊಂದು ಗೌರವದ ಕಾಲವಿತ್ತು.

ಇನ್ನು ಬ್ರೇಕು ತಾನಾಗಿ ಹಿಡಿದದ್ದು. ಮಾಸ್ಟರ್ ಸಿಲಿಂಡರಿಗೂ ಮೇಲಿನ ತೊಟ್ಟಿಗೂ ನಡುವೆ ಸೂಜಿಮೊನೆ ಹೋಗುವಷ್ಟು ಸಣ್ಣ ರಂಧ್ರವೊಂದಿರುತ್ತದೆ. ದ್ರವವು ಕಾದು ಹಿಗ್ಗಿದಾಗ ಹೆಚ್ಚಾದ ಪಾಲು ಈ ರಂಧ್ರದ ಮೂಲಕ ತೊಟ್ಟಿಗೆ ಮರಳುತ್ತದೆ. ಊದಿದ ವಾಷರು ಅದನ್ನು ಮುಚ್ಚಿಬಿಟ್ಟರೆ ಹಿಗ್ಗಿದ ದ್ರವಕ್ಕೆ ದಾರಿಯಿಲ್ಲ; ಅದು ಶೂಗಳನ್ನು ಒತ್ತುತ್ತದೆ. ಒತ್ತಿದಾಗ ಘರ್ಷಣೆ, ಘರ್ಷಣೆಯಿಂದ ಇನ್ನಷ್ಟು ಉಷ್ಣ, ಉಷ್ಣದಿಂದ ಇನ್ನಷ್ಟು ಹಿಗ್ಗು. ತಣ್ಣಗಾದರೆ ಎಲ್ಲವೂ ಸರಿಯಿದ್ದಂತೆ ತೋರುತ್ತದೆ. ಕೊಳವೆಗಳನ್ನೆಲ್ಲ ತೊಳೆದು, ರಬ್ಬರಿನ ಪ್ರತಿಯೊಂದು ಭಾಗವನ್ನೂ ಬದಲಾಯಿಸದೆ ಬೇರೆ ಉಪಾಯವಿರಲಿಲ್ಲ.

ಆಗ ಅವರ ಮಿತ್ರರೊಬ್ಬರು, ಅಂಗಡಿಯ ಮೂಲೆಯಲ್ಲಿ ಮೂವತ್ತು ವರ್ಷಗಳಿಂದ ಮೊಹರು ಒಡೆಯದೆ ಉಳಿದಿದ್ದ ಅಸಲಿ ವಾಷರುಗಳ ಪೊಟ್ಟಣವೊಂದನ್ನು ನಿಧಿಯಂತೆ ತಂದುಕೊಟ್ಟರು. ಹಳೆಯ ವಾಹನಗಳ ಪ್ರಿಯರಲ್ಲಿ ಇಂಥ ‘ಹಳೆಯ ಹೊಸ ಮಾಲು’ ಎಂದರೆ ಲೋಕದ ಎಲ್ಲೆಡೆಯೂ ವ್ಯಾಮೋಹವುಂಟು. ಅಮೆರಿಕದಲ್ಲಿ ಮಸಲ್ ಕಾರುಗಳೆಂದು ಕರೆಯುವ 1960ರ ದಶಕದ ಮಹಾಬಲದ ಕಾರುಗಳನ್ನು ಜೀರ್ಣೋದ್ಧಾರ ಮಾಡುವವರೂ ಇದನ್ನೇ ಅರಸುತ್ತಾರೆ. ಅಷ್ಟು ಬಲದ 1964ರ ಪಾಂಟಿಯಾಕ್ ಜಿ.ಟಿ.ಒ. ಕೂಡ ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕನ್ನೇ ಹೊತ್ತು ಬಂದಿತ್ತು. ಲೋಹದ ಭಾಗವಾದರೆ ಹಳೆಯ ಹೊಸ ಮಾಲು ಸರಿಯೆ. ಆದರೆ ರಬ್ಬರು ಅಟ್ಟದ ಕೊಬ್ಬರಿಯಲ್ಲ, ಇಟ್ಟಷ್ಟೂ ಪಕ್ವವಾಗುವುದಿಲ್ಲ. ಗಾಳಿಯ ಆಮ್ಲಜನಕವೂ ಓಜೋನೂ ಅದರ ಸರಪಣಿಗಳನ್ನು ಮೆಲ್ಲಗೆ ಕಡಿಯುತ್ತಲೂ ಹೊಸ ಗಂಟುಗಳನ್ನು ಹಾಕುತ್ತಲೂ ಇರುತ್ತವೆ. ಆ ಪೊಟ್ಟಣದ ವಾಷರೊಂದರ ಅಂಚನ್ನು ಬಗ್ಗಿಸಿದಾಗ ಕೂದಲೆಳೆಯಂಥ ಬಿರುಕುಗಳು ಕಂಡವು. ಹಳೆಯ ಅಂಬಾಸಿಡರಿನಲ್ಲಿ ನಾಲ್ಕು ಚಕ್ರಗಳಿಗೂ ಒಂದೇ ದ್ರವಮಾರ್ಗ. ಒಂದು ವಾಷರು ಸೀಳಿದರೆ ನಾಲ್ಕೂ ಬ್ರೇಕುಗಳು ಒಟ್ಟಿಗೆ ಹೋಗಿ, ಉಳಿಯುವುದು ಕೈಬ್ರೇಕೊಂದೇ. ಪೊಟ್ಟಣವನ್ನು ಗಾಜಿನ ಬೀರುವಿನಲ್ಲಿಡಲು ಒಪ್ಪಿಸಿದೆವು. ವಾಷರುಗಳು ಇತ್ತೀಚೆಗೆ ಅಚ್ಚು ಹಾಕಿದವೇ ಆಗಿರಬೇಕು, ಗ್ಲೈಕಾಲ್ ದ್ರವಕ್ಕೆ ಒಗ್ಗುವ ರಬ್ಬರಿನವಾಗಿರಬೇಕು.

ಹೊಸ ದ್ರವವನ್ನೂ ಒಮ್ಮೆ ಹಾಕಿ ಮರೆಯುವಂತಿಲ್ಲ. ಅದು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ಎಂದು ಗುರುತಿಸಿದ ದ್ರವದ ಕುದಿಬಿಂದು ಒಣಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್, ತೇವ ಹೀರಿದಾಗ ಕನಿಷ್ಠ 140 ಡಿಗ್ರಿ ಇರಬೇಕೆಂಬುದು ನಿಯಮ. ಘಾಟಿಯಲ್ಲಿ ಕಾದ ದ್ರವ ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆಗಳೇಳುತ್ತವೆ. ದ್ರವವನ್ನು ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಪೆಡಲು ನೆಲಕ್ಕೆ ತಾಗಿದರೂ ಕಾರು ನಿಲ್ಲದು.

ಶೂಗಳ ಮೇಲಿನ ಲೈನರಿನ ವಿಷಯ ಸುಲಭವಾಗಿ ಬಗೆಹರಿಯಿತು. ಲೋಹದ ಶೂ ಚೆನ್ನಾಗಿದ್ದರೆ ಹೊಸ ಲೈನರನ್ನು ರಿವೆಟ್ ಮಾಡಿಸಬಹುದು, ಅಥವಾ ಅಂಟಿಸಬಹುದು. ಡ್ರಮ್ಮನ್ನು ಲೇತಿನಲ್ಲಿ ಕಡೆಸಿದ್ದರೆ ಅದರ ತ್ರಿಜ್ಯ ಹೆಚ್ಚಿರುವುದರಿಂದ ಲೈನರಿನ ಕಮಾನನ್ನೂ ಅದಕ್ಕೆ ಹೊಂದಿಸಬೇಕು. ಇಲ್ಲದಿದ್ದರೆ ನಡುಭಾಗ ಮಾತ್ರ ಉಜ್ಜುತ್ತದೆ. ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳಬೇಕು. ಹಳೆಯ ಲೈನರುಗಳಲ್ಲಿ ಕಲ್ನಾರು ಇರುತ್ತದೆ, ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಡ್ರಮ್ಮನ್ನು ಬಿಚ್ಚಿದೊಡನೆ ಬಾಯಿಂದ ಉಫ್ ಎಂದು ಊದುವ, ಗಾಳಿಯ ಪಂಪಿನಿಂದ ಹಾರಿಸುವ ರೂಢಿ ನಮ್ಮ ಕಾರ್ಯಾಗಾರಗಳಲ್ಲಿ ಇನ್ನೂ ಇದೆ. ಕೆಲಸ ಕಲಿಯುವ ಹುಡುಗರು ಅದನ್ನೇ ನೋಡಿ ಕಲಿಯುತ್ತಾರೆ. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿಡಬೇಕು.

ಸರಿಯಾದ ಅಳತೆಯ ಮಾಸ್ಟರ್ ಸಿಲಿಂಡರು ಕೊನೆಗೂ ಎಲ್ಲಿಯೂ ದೊರೆಯಲಿಲ್ಲ. ಹಳೆಯದರ ಒಳಮೈ ತುಕ್ಕಿನಿಂದ ಗುಳಿಬಿದ್ದಿತ್ತು. ಅದನ್ನೇ ಕೊರೆಸಿ, ಒಳಗೆ ಹಿತ್ತಾಳೆಯ ತೋಳನ್ನು ಕೂಡಿಸಿ, ಮತ್ತೆ 22.2 ಮಿಲಿಮೀಟರಿಗೆ ನಯಗೊಳಿಸುವುದೆಂದು ನಿಶ್ಚಯವಾಯಿತು. ಗುಜರಿಯಿಂದ ತಂದದ್ದಕ್ಕಿಂತ ಇದಕ್ಕೆ ಖರ್ಚು ಹೆಚ್ಚು. ಲೇತಿನ ಕೆಲಸ ಇನ್ನೂ ಮುಗಿದಿಲ್ಲ. ಅಷ್ಟರಲ್ಲಿ ಮನೆಯವರೆಲ್ಲ ಬಸ್ಸಿನಲ್ಲಿ ಧರ್ಮಸ್ಥಳಕ್ಕೆ ಹೋಗಿಬಂದರು.